ಮೂಲೆ ಹರಿದ ಕಾಗದ

ನನ್ನ ಕೈಗೆ ಕೊಟ್ಟ ಕಾಗದ ಇಡಿಯಾಗಿ ವಾಪಸು ಬಂದದ್ದು ಕಡಿಮೆ. ಕದಿಯುತ್ತೇನೆ ಎಂದಲ್ಲ, ಮೂಲೆ ಹರಿಯುತ್ತೇನೆ. ಏನಾದರೂ ಯೋಚನೆ ಹತ್ತಿತೆಂದರೆ ಸಾಕು, ನನ್ನ ಎಡಗೈ ನನ್ನನ್ನು ಕೇಳದೆಯೇ ಹೊರಟು ಕಾಗದದ ಒಂದು ಮೂಲೆಯನ್ನು ಚಿವುಟಿ, ಉಂಡೆ ಮಾಡಿ, ಬೆರಳ ಸಂದಿಯಲ್ಲಿ ಹೊರಳಿಸುತ್ತ ಕೂರುತ್ತದೆ. ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಾನು ತಿದ್ದಿದ ಉತ್ತರಪತ್ರಿಕೆ ಯಾವುದೆಂದು ತಿಳಿಯಲು ಯಾರೂ ಸಹಿ ನೋಡುವುದಿಲ್ಲ. ಉತ್ತರ ಅರ್ಥವಾಗದಿದ್ದಷ್ಟೂ ಮೂಲೆ ಹೆಚ್ಚು ಹೋಗಿರುತ್ತದೆ. "ನನ್ನ ಪೇಪರ್ ಟೀಚರ್ ಭಾಳ ತಿಂದಾರ" ಎಂದು ಹುಡುಗರು ಹಾಳೆ ಎತ್ತಿ ತೋರಿಸಿಕೊಂಡು ನಗುತ್ತಾರೆ.

ನನ್ನ ಸ್ವಂತ ಮದುವೆಯ ಕಾರ್ಡು ಕೂಡ ಮನೆಯಲ್ಲಿ ಮೂರು ಮೂಲೆಯದ್ದೇ ಇದೆ. ಮದುವೆಗೆ ಮುಂಚೆ ಬಹಳ ಯೋಚಿಸಿದ್ದೆ ಎನ್ನುವುದಕ್ಕೆ ಅದೇ ಸಾಕ್ಷಿ ಎಂದು ನಾನು ಹೇಳುತ್ತೇನೆ. ನಮ್ಮವರು ಒಪ್ಪುವುದಿಲ್ಲ. ಅವರ ಹೆಸರು ಸಿದ್ಧಾರ್ಥ, ಬಸ್ ಡಿಪೋದಲ್ಲಿ ಗುಮಾಸ್ತರು, ಎಲ್ಲ ಕಾಗದವನ್ನೂ ಅಂಚಿಗೆ ಅಂಚು ಕೂಡಿಸಿ ಇಡುವ ಮನುಷ್ಯ. "ಹಿಂದಿನ ಜನ್ಮದಾಗ ನೀ ಇಲಿ ಆಗಿದ್ದಿ" ಎನ್ನುತ್ತಾರೆ. ಬುದ್ಧನ ಫೋಟೋ ಇಟ್ಟುಕೊಂಡ ಮನೆ ನಮ್ಮದು. ಹಿಂದಿನ ಜನ್ಮ, ಮುಂದಿನ ಜನ್ಮ ಎಂದು ಯಾರಾದರೂ ಶುರು ಮಾಡಿದರೆ ನಮ್ಮವರು ಗಂಟೆಗಟ್ಟಲೆ ವಾದ ಹಾಕುತ್ತಾರೆ. ಈ ಇಲಿಯ ವಿಷಯಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದಾರೆ.

ನಿಜ ಹೇಳಬೇಕೆಂದರೆ ಈ ಚಟ ಚಿಕ್ಕಂದಿನಲ್ಲೇ ಬಿಟ್ಟುಹೋಗಬೇಕಿತ್ತು. ಬಿಡಿಸಲು ನಮ್ಮ ಆಯಿ ಕಡಿಮೆ ಪ್ರಯತ್ನ ಪಟ್ಟವಳಲ್ಲ. ಆಯಿ ಎಂದರೆ ನನ್ನ ಅಜ್ಜಿ. ಔರಾದ ತಾಲೂಕಿನ ಸಂತಪುರ ನಮ್ಮೂರು. ನಮ್ಮ ಓಣಿಯಲ್ಲಿ ನನ್ನ ಅಕ್ಷರ ದುಂಡಗಿದ್ದದ್ದರಿಂದ ಎಲ್ಲರ ಮನೆಯ ಪೋಸ್ಟ್ ಕಾರ್ಡುಗಳೂ ನನ್ನ ಕೈಗೇ ಬರುತ್ತಿದ್ದವು. ಮಗಳು ಹಡೆದರೆ ನಾನು, ಎಮ್ಮೆ ಈದರೆ ನಾನು, ಅಳಿಯ ಸಿಟ್ಟು ಮಾಡಿಕೊಂಡು ಹೋದರೆ ಅವನನ್ನು ಕಾಗದದಲ್ಲಿ ಸಮಾಧಾನ ಮಾಡುವವಳೂ ನಾನೇ. ಶುಭ ಸಮಾಚಾರವಾದರೆ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಡಬ್ಬಿಗೆ ಹಾಕುತ್ತಿದ್ದೆವು. ಸಾವಿನ ಸುದ್ದಿಯಾದರೆ ಒಂದು ಮೂಲೆ ಹರಿದು ಹಾಕುತ್ತಿದ್ದೆವು. ಓದಲು ಬಾರದವರಿಗೂ ಅದನ್ನು ನೋಡಿದರೆ ಸಾಕು, ಎದೆ ಧಸಕ್ ಅನ್ನುತ್ತಿತ್ತು. ಅಂಥ ಕಾಗದವನ್ನು ಹೊಸ್ತಿಲೊಳಗೆ ತರುವಂತಿಲ್ಲ. ಅಂಗಳದಲ್ಲೇ ನಿಂತು ಓದಿಸಿ, ಅಲ್ಲೇ ಚೂರು ಮಾಡಿ ಬಿಸಾಡಿ, ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು.

ಇಂಥ ಓಣಿಯಲ್ಲಿ ಕಾಗದದ ಮೂಲೆ ಚಿವುಟುವ ಹುಡುಗಿ ಹುಟ್ಟಿದರೆ ಹೇಗಿರಬೇಡ! ಒಮ್ಮೆ ಯಾರದೋ ನಿಶ್ಚಿತಾರ್ಥದ ಕಾರ್ಡು ಬರೆಯುತ್ತ, ಮುಂದಿನ ವಾಕ್ಯ ಹೊಳೆಯದೆ, ನಾನು ಮೂಲೆ ಹರಿದುಬಿಟ್ಟೆ. ಆಯಿ ನೋಡಿದಳು. ಬೀಸುವ ಕಲ್ಲು ಬಿಟ್ಟು ಎದ್ದು ಬಂದು ನನ್ನ ಎಡಗೈಗೆ ಪಟ್ಟನೆ ಹೊಡೆದು, "ಯಾರ್ನ ಕೊಲ್ಲಾಕತ್ತಿದಿ ಹಲ್ಕಟ್!" ಎಂದಳು. ಕಾರ್ಡು ಹರಿದು ಒಲೆಗೆ ಹೋಯಿತು. ಆಮೇಲೆ ಮನೆಮನೆಗೂ ಫೋನು ಬಂದವು, ಸಾವೂ ಮದುವೆಯೂ ಒಂದೇ ಮೊಬೈಲಿನಲ್ಲಿ ಬರತೊಡಗಿದವು. ಆಯಿಯೂ ಹೋದಳು. ಮೂಲೆಯ ಮಾತು ನನಗೆ ಮರೆತೇಹೋಗಿತ್ತು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ನಾವು ಬೀದರಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಬಾಡಿಗೆಗಿದ್ದ ಮನೆ ಪ್ರಮಿಳಾಬಾಯಿಯವರದು. ಭಾಲ್ಕಿಯ ಕಡೆ ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮರಾಠಿ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಮಕ್ಕಳು ಬಾಯಿ ಎನ್ನುತ್ತಾರಲ್ಲ, ಹಾಗೆ ಊರಿಗೆಲ್ಲ ಅವರು ಬಾಯಿ. ಗಂಡ ತೀರಿಕೊಂಡ ಮೇಲೆ ಭಾಲ್ಕಿಯಲ್ಲಿ ತಮ್ಮನ ಮನೆ ಸೇರಿ, ಬೀದರಿನ ಮನೆಯನ್ನು ನಮಗೆ ಕೊಟ್ಟಿದ್ದರು. ಕೆಂಪು ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ಫರಸಿ ಹಾಸಿದ ನೆಲ, ಅಡುಗೆಮನೆಗೆ ತಗಡು, ಅಂಗಳದಲ್ಲಿ ಒಂದು ಬಾವಿ. ಬೇಸಿಗೆಯಲ್ಲಿ ಹಾಸಿಗೆಯಿಲ್ಲದೆ ಬರೀ ಫರಸಿಯ ಮೇಲೆ ಮಲಗಿದರೆ ಬೀದರಿನ ಬಿಸಿಲು ಗೇಟಿನ ಹೊರಗೇ ನಿಲ್ಲುತ್ತಿತ್ತು.

ಒಂದು ದಿನ ಬಾಯಿ ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ದೂರ. ಅದಕ್ಕೆ ಫೋನು ಯಾವಾಗಲೂ ಸ್ಪೀಕರಿನಲ್ಲಿ. ನಾವು ಏನು ಅಂದರೂ ಭಾಲ್ಕಿಯ ಮನೆಯವರೆಲ್ಲ ಕೇಳುತ್ತಾರೆ, ಬಾಯಿ ಉತ್ತರ ಕೊಡುವ ಮುಂಚೆ ಅವರ ತಮ್ಮ ಕೊಟ್ಟುಬಿಡುತ್ತಾರೆ. ಅವತ್ತು ಮಾತ್ರ ಬಾಯಿ ಮಾಳಿಗೆ ಹತ್ತಿ ನಿಂತು ಮಾತಾಡಿದರು.

"ಟೀಚರ್, ಒಂದ್ ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ಒಬ್ಬ ಬಟ್ಟಿ ಅಂಗಡಿ ಸೇಠ ನಮ್ಮ ತಮ್ಮನ ಬೆನ್ನು ಹತ್ಯಾನ. ಆ ಜಾಗ ಬೇಕಂತ. ಮನಿ ಕೆಡವಿ, ಬಾವಿ ಮುಚ್ಚಿ, ಕಾಂಪ್ಲೆಕ್ಸ್ ಎಬ್ಬಿಸ್ತಾನಂತ. ನನಗೂ ಈಗ ಓಡಾಡ್ಲಿಕ್ಕಿ ಆಗಲ್ಲ, ಸಂಬಾಳಿಸ್ಲಿಕ್ಕಿ ಆಗಲ್ಲ. ನಿಮ್ಮ ಮನಸಿನಾಗ ಏನರ ಇದ್ರ ನನಗ ಬರದು ಕಳಿಸು. ಫೋನಿನಾಗ ಬ್ಯಾಡ. ಫೋನಿನಾಗ ನಮ್ಮ ತಮ್ಮ ಮಾತಾಡ್ತಾನ. ಕಾಗದ ಆದ್ರ ನಾ ಒಬ್ಬಾಕಿ ಓದ್ತೇನಿ."

ಫೋನ್ ಇಟ್ಟು ನಾನು ಅಂಗಳಕ್ಕೆ ಬಂದು ಬಾವಿಯ ಕಟ್ಟೆಯ ಮೇಲೆ ಕೂತೆ.  ಮತ್ತೆ ಮನೆ ಹುಡುಕುವುದೆಂದರೆ ನನಗೆ ಜ್ವರ ಬರುತ್ತದೆ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಮನೆ ನಮಗೇ ಕೊಡಿ ಎಂದು ಒಂದು ಕಾಗದ ಬರೆಯುವುದು ಅದೇನು ಮಹಾ ಎಂದು ನೀವು ಅನ್ನಬಹುದು. ನಮ್ಮ ಕಡೆಯ ರಿವಾಜು ನಿಮಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ "ನಿಮ್ಮ ಮನಿ ಮಾರ್ತೀರೇನು" ಎಂದು ನೆಟ್ಟಗೆ ಕೇಳುವಂತಿಲ್ಲ. ಕೇಳಿದರೆ "ಯಾಕ, ನಮಗೇನ್ ಬಂದದ? ದಿವಾಳಿ ಎದ್ದೀವಿ ಅಂತ ಯಾರು ಹೇಳ್ಯಾರ?" ಎಂದು ಜಗಳವೇ ಬರುತ್ತದೆ. ಬೇಕಾದವರು ನಾಲ್ಕಾರು ಸಲ ಹೋಗಿ ಕೂತು ಚಹಾ ಕುಡಿಯಬೇಕು. ತೊಗರಿ ಹೇಗಿದೆ, ಮಳೆ ಹೇಗಿದೆ, ಸೊಸೆ ಹೇಗಿದ್ದಾಳೆ ಎಂದು ಕೇಳಬೇಕು. ಕೊನೆಗೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, ಮುಖ ಬೇರೆ ಕಡೆ ಮಾಡಿ, "ಮತ್ತ ಆ ವಿಷಯ ಏನರ ಇದ್ರ ನಮ್ಮ ಕಿವಿಗಿ ಹಾಕ್ರಿ" ಎನ್ನಬೇಕು. ಬೀದರ ಜಿಲ್ಲೆಯಲ್ಲಿ ಹೊಲ, ಮನೆ, ಸಂಬಂಧ ಎಲ್ಲ ಕುದುರಿರುವುದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿನಲ್ಲೇ. ಆದರೆ ಕಾಗದದಲ್ಲಿ ಚಪ್ಪಲಿ ಹಾಕಿಕೊಳ್ಳುವುದು ಎಲ್ಲಿ?

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಔರಾದದಿಂದ ನಮ್ಮ ಅತ್ತೆ ಬಂದಿದ್ದರು. ಅವರು ಎಲೆ ಅಡಿಕೆ ಡಬ್ಬಿ ಹಿಡಿದು ಒಂದು ಕಡೆ, ನಮ್ಮವರು ಇಸ್ತ್ರಿ ಪೆಟ್ಟಿಗೆ ಹಿಡಿದು ಇನ್ನೊಂದು ಕಡೆ. ಮೊದಲ ಕರಡು ನನ್ನ ಕೈ ತಾನೇ ಬರೆಯಿತು. "ಮಾನ್ಯರೇ, ವಿಷಯ: ತಮ್ಮ ಮಾಲೀಕತ್ವದ ಮನೆಯನ್ನು ಖರೀದಿಸುವ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಹೊರಟು "ಇಂತಿ ತಮ್ಮ ವಿಧೇಯ" ಎಂದು ನಿಂತೆ. ಓದಿ ಹೇಳಿದೆ.

"ಬಾಯಿ ಈಗ ಏನ್ ಮಾಡಬೇಕು?" ಎಂದರು ನಮ್ಮವರು. "ಎರಡು ದಿನ ರಜಾ ಮಂಜೂರ್ ಮಾಡಬೇಕೇನು?"

ಎರಡನೆಯದನ್ನು ಮನಸ್ಸು ಬಿಚ್ಚಿ ಬರೆದೆ. ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬಂದು ಎಲ್ಲಿ ಬೀಳುತ್ತದೆ, ಬೇವಿನ ಹೂವು ಅಂಗಳದಲ್ಲಿ ಹೇಗೆ ಉದುರುತ್ತದೆ, ಕೆಂಪು ಕಲ್ಲು ಮಳೆಗೆ ತೊಯ್ದರೆ ಎಂಥ ವಾಸನೆ. ಬರೆಯುತ್ತ ಬರೆಯುತ್ತ ನನಗೇ ಕಣ್ಣು ತುಂಬಿ ಬಂದವು. ನಮ್ಮವರು ಇಸ್ತ್ರಿ ನಿಲ್ಲಿಸಿ ಕೇಳಿ, "ಭಾಳ ಛಂದ ಅದ. ಇದನ್ನ ಓದಿದ್ರ ನಾ ಆದ್ರೂ ರೇಟ್ ಏರಿಸ್ತೇನಿ" ಎಂದರು.

ಆಗ ಅತ್ತೆ ನಡುವೆ ಮಾತು ಹಾಕಿದರು. "ನಿನಗ ವ್ಯಾಪಾರ ತಿಳಿಯಾಂಗಿಲ್ಲವ್ವ. ನಿಮ್ಮ ಮಾವ ಸಂತ್ಯಾಗ ಎತ್ತು ಹಿಡಿಯಾಗ ಎಷ್ಟ್ ಹೆಸರಿಡ್ತಿದ್ರು ಗೊತ್ತದೇನು? ಹಲ್ಲು ಸರಿ ಇಲ್ಲ, ಕೊಂಬು ಸರಿ ಇಲ್ಲ, ನಡಿಗಿ ಸರಿ ಇಲ್ಲ. ಮನಸಿನಾಗ ಅದೇ ಎತ್ತು ಬೇಕಾಗಿರ್ತಿತ್ತು. ಮೊದಲ ಮನಿಗಿ ಹೆಸರಿಡು, ಆಮ್ಯಾಲ ಕೇಳು."

ಹೆಸರಿಡುವುದೆಂದರೆ ನಮ್ಮ ಕಡೆ ಕೊಂಕು ತೆಗೆಯುವುದು. ಈ ಕೆಲಸ ನನಗೆ ಕಷ್ಟವಾಗಬಾರದಿತ್ತು. ಅಷ್ಟು ವರ್ಷ ನಾನು ಬಾಯಿಗೆ ಫೋನ್ ಮಾಡಿದ್ದೇ ಹೆಸರಿಡಲು. ತಗಡು ಸೋರುತ್ತದೆ, ಹಿಂದಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ, ಮಂಗಗಳು ಬಂದು ಹಪ್ಪಳ ಎತ್ತಿಕೊಂಡು ಹೋಗುತ್ತವೆ. ಮಂಗಗಳಿಗೆ ಭಾಲ್ಕಿಯಲ್ಲಿರುವ ಬಾಯಿ ಏನು ಮಾಡಬೇಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಬಾಡಿಗೆಯವರಿಗೆ ದೂರು ಕೊಡುವ ಹಕ್ಕಿದೆ, ಕೊಡುತ್ತಿದ್ದೆ. ಆದರೆ ಈಗ ಅದನ್ನೆಲ್ಲ ಪಟ್ಟಿ ಮಾಡಿ ಬರೆಯಲು ಕೂತರೆ ಕೈಯೇ ಏಳಲಿಲ್ಲ. ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು ಆ ಗೋಡೆಯ ಮೇಲೆ ಚಾಡಿ ಬರೆಯುವುದು ಹೇಗೆ? ಮೂರನೆಯ ಕರಡನ್ನೂ ಮುದುಡಿ ಎಸೆದೆ.

ಅತ್ತೆ ಮಲಗಿದರು, ನಮ್ಮವರು ಇಸ್ತ್ರಿ ಮುಗಿಸಿ ಹೊರಗೆ ಹೋದರು. ನಾನು ಒಬ್ಬಳೇ ಕೂತು, ಈ ಮನೆ ನನಗೆ ಯಾಕೆ ಇಷ್ಟು ಬೇಕು ಎಂದು ನನ್ನನ್ನೇ ಕೇಳಿಕೊಂಡೆ.

ಬೀದರಿಗೆ ವರ್ಗವಾಗಿ ಬಂದ ಹೊಸದರಲ್ಲಿ ನಾವು ನೋಡದ ಓಣಿಯಿಲ್ಲ. ಎಲ್ಲ ಕಡೆ ಒಳ್ಳೆಯ ಜನ, ಕೂಡಿಸಿ ನೀರು ಕೊಡುವವರು. ನೀರು ಕುಡಿದು ಮುಗಿಯುವುದರೊಳಗೆ "ನಿಮ್ಮ ಅಡ್ಡಹೆಸರು ಏನ್ರಿ?" ಎಂದು ಬರುತ್ತಿತ್ತು. ಅದರಲ್ಲಿ ತಿಳಿಯದಿದ್ದರೆ "ಊರಾಗ ನಿಮ್ಮ ಮನಿ ಯಾವ ಕಡಿ ಬರ್ತದ?" ಎಂದು. ನಾನು ನೆಟ್ಟಗೆ ಹೇಳಿಬಿಡುತ್ತಿದ್ದೆ. ಸುಳ್ಳು ಹೇಳಿ ಒಂದು ಮನೆಯಲ್ಲಿ ಮಲಗಿದರೆ ನಿದ್ದೆ ಬರುತ್ತದೆಯೇ? ಹೇಳಿದ ಕೂಡಲೇ ಅವರ ತಮ್ಮನ ಮಗನೋ ಅಕ್ಕನ ಮಗನೋ ಬೀದರಿಗೆ ಓದಲು ಬರುವವನಿರುತ್ತಿದ್ದ. ಬೆಳಿಗ್ಗೆ ಖಾಲಿಯಿದ್ದ ಮನೆ ಮಧ್ಯಾಹ್ನಕ್ಕೆ ತುಂಬಿಹೋಗುತ್ತಿತ್ತು. ಬೀದರಿಗೆ ಓದಲು ಬಂದ ಅಷ್ಟೊಂದು ಹುಡುಗರು ಯಾವ ಕಾಲೇಜಿನಲ್ಲಿದ್ದಾರೋ ಎಂದು ನಾವಿಬ್ಬರೂ ನಗುತ್ತಿದ್ದೆವು. ನಕ್ಕೆವೆಂದರೆ ನೋವಾಗಲಿಲ್ಲ ಎಂದಲ್ಲ. ಬಹಳ ನೋವಾಗಿತ್ತು.

ಕೊನೆಗೆ ಸಿಕ್ಕವರು ಬಾಯಿ. ಗೇಟಿನಲ್ಲೇ ನಿಂತು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ದಿನಾ ಬಾವಿ ನೀರು ಸೇದ್ತೀರೇನು? ನಳ ಅದ ಅಂತ ಬಿಟ್ರ ಬಾವಿ ಹಾಳಾಗ್ತದ." ನಾನು ತಲೆಯಾಡಿಸಿದೆ. ಸಂತಪುರದಲ್ಲಿ ನಮ್ಮ ಆಯಿ ಬಾವಿಯ ಕಟ್ಟೆಯಿಂದ ದೂರ, ಬಿಸಿಲಿನಲ್ಲಿ, ಖಾಲಿ ಕೊಡ ಹಿಡಿದು, ಯಾರಾದರೂ ಪುಣ್ಯಾತ್ಮರು ಮೇಲಿನಿಂದ ನೀರು ಹೊಯ್ಯಲಿ ಎಂದು ನಿಂತು ಬದುಕಿದವಳು. ಅವಳ ಮೊಮ್ಮಗಳಿಗೆ ಒಬ್ಬರು ಹಗ್ಗ ಕೈಗೆ ಕೊಟ್ಟು ದಿನಾ ಸೇದಬೇಕು, ತಪ್ಪಿಸಬಾರದು ಎಂದು ಷರತ್ತು ಹಾಕುತ್ತಿದ್ದರು. ಅವತ್ತಿನಿಂದ ನಾನು ನಳದಲ್ಲಿ ನೀರಿದ್ದರೂ ಬೆಳಿಗ್ಗೆ ಎದ್ದು ಸೇದಿದ್ದೇನೆ.

ಹಾಗಾಗಿ ನಾಲ್ಕನೆಯ ಕಾಗದ ಸಣ್ಣದಾಯಿತು. "ಬಾಯಿಯವರಿಗೆ ನಮಸ್ಕಾರ. ಮನೆ ನೋಡಲು ಬಂದ ದಿನ ನೀವು ನಮ್ಮನ್ನು ಬಾವಿಯ ವಿಷಯವೊಂದನ್ನೇ ಕೇಳಿದಿರಿ. ಬೇರೆಯವರು ಕೇಳಿದ್ದನ್ನು ಕೇಳಲಿಲ್ಲ. ನನ್ನ ಅಜ್ಜಿಗೆ ಯಾವ ಬಾವಿಯನ್ನೂ ಮುಟ್ಟುವ ಹಾಗಿರಲಿಲ್ಲ. ನಿಮ್ಮ ಬಾವಿಯನ್ನು ನಾನು ಒಂದು ದಿನವೂ ಬಿಟ್ಟಿಲ್ಲ. ಅದನ್ನು ಮುಚ್ಚುವವರಿಗೆ ಕೊಡಬೇಡಿ. ನಮ್ಮಿಂದ ಸೇಠರಷ್ಟು ಕೊಡಲು ಆಗುವುದಿಲ್ಲ. ಬ್ಯಾಂಕಿನ ಸಾಲವೂ ನಮ್ಮ ಉಳಿತಾಯವೂ ಸೇರಿ ಇಷ್ಟಾಗುತ್ತದೆ" ಎಂದು ಬರೆದೆ. ಇಷ್ಟು ಎಂದರೆ ಎಷ್ಟು ಎಂದು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಹೆಚ್ಚು ಬರೆದರೆ ಕಟ್ಟಲಾಗದು, ಕಡಿಮೆ ಬರೆದರೆ ಮನೆ ಹೋದೀತು. ಯೋಚಿಸಿದೆ, ಬಹಳ ಯೋಚಿಸಿದೆ, ಕೊನೆಗೆ ಒಂದು ಮೊತ್ತ ಬರೆದು, ಮಡಚಿ, ಲಕೋಟೆಗೆ ಹಾಕಿ, ಅಂಟಿಸಿದೆ. ಸೋಮವಾರ ಶಾಲೆಗೆ ಹೋಗುವಾಗ ಅಂಚೆ ಡಬ್ಬಿಗೆ ಹಾಕಿದೆ.

ನಾನು ಅಷ್ಟು ಹೊತ್ತು ಯೋಚಿಸುವಾಗ ನನ್ನ ಎಡಗೈ ಏನು ಮಾಡುತ್ತಿತ್ತೆಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ನಮ್ಮ ಶಾಲೆಯಲ್ಲಿ ಪರೀಕ್ಷೆ ಶುರುವಾಯಿತು. ಪರೀಕ್ಷೆಯ ದಿನ ನಮ್ಮೆಲ್ಲರ ಫೋನೂ ಹೆಡ್ಮಾಸ್ತರರ ಕಪಾಟಿನಲ್ಲಿ. ಸಂಜೆ ಫೋನು ಕೈಗೆ ಬಂದರೂ ತೆರೆದು ನೋಡದೆ ಚೀಲಕ್ಕೆ ಹಾಕಿಕೊಂಡು ಮನೆಯ ಕಡೆ ನಡೆದೆ. ಓಣಿ ತಿರುಗುತ್ತಲೇ ನಮ್ಮ ಗೇಟಿನ ಮುಂದೆ ಜನ ಕಂಡರು. ಅಂಗಳದ ತುಂಬ ಚಪ್ಪಲಿಗಳು. ಒಳಗಿನಿಂದ ಹೆಂಗಸರ ಅಳು. ನಮ್ಮ ಅತ್ತೆಗೆ ಬಿ.ಪಿ. ಇದೆ, ಬೆಳಿಗ್ಗೆ ತಲೆಸುತ್ತು ಎಂದಿದ್ದರು.  ಚೀಲ ಅಲ್ಲೇ ಬಿಟ್ಟು ಓಡಿದೆ.

ಒಳಗೆ ನೋಡಿದರೆ ಅತ್ತೆ ಗಟ್ಟಿಮುಟ್ಟಾಗಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಅವರ ಕೊರಳು ತಬ್ಬಿ ಪ್ರಮಿಳಾಬಾಯಿ ಅಳುತ್ತಿದ್ದಾರೆ. ಪಕ್ಕದ ಮನೆಯ ಶಹನಾಜ್ ಆಪಾ ಇಬ್ಬರ ಬೆನ್ನನ್ನೂ ಸವರುತ್ತ ಇಬ್ಬರಿಗಿಂತ ಜೋರಾಗಿ ಅಳುತ್ತಿದ್ದಾರೆ.

"ಯಾರು? ಯಾರಿಗೇನಾಯ್ತು?" ಎಂದೆ.

ಮೂವರೂ ನನ್ನನ್ನು ನೋಡಿದರು. ಅಳು ಇನ್ನೊಂದು ಸುತ್ತು ಏರಿತು. ಬಾಯಿ ಎದ್ದು ಬಂದು ನನ್ನನ್ನು ಅಪ್ಪಿಕೊಂಡು, "ಮನಸು ಗಟ್ಟಿ ಮಾಡ್ಕೋ ತಾಯಿ. ನಾ ಇದ್ದೇನಿ ನಿನಗ" ಎಂದರು.

ಅತ್ತೆ ಕಣ್ಣ ಮುಂದೆ ಇದ್ದಾರೆ. ನಾನು ಇದ್ದೇನೆ. ಮನೆಯಲ್ಲಿ ಉಳಿದವರು ಒಬ್ಬರೇ. ಆ ಗಳಿಗೆಯನ್ನು ನೆನೆದರೆ ಈಗಲೂ ನನಗೆ ನಗು ಬರುವುದಿಲ್ಲ. 

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಜನರನ್ನು ಸರಿಸಿಕೊಂಡು, ಒಂದು ಕೈಯಲ್ಲಿ ಮೆಂತ್ಯ ಪಲ್ಲೆಯ ಚೀಲ, ಇನ್ನೊಂದು ಕೈಯಲ್ಲಿ ನಾನು ದಾರಿಯಲ್ಲಿ ಬಿಟ್ಟ ನನ್ನ ಚೀಲ ಹಿಡಿದು ನಮ್ಮವರು ಒಳಗೆ ಬಂದರು. "ಏನ್ ಇಷ್ಟು ಮಂದಿ? ಸಿಲಿಂಡರ್ ಗಾಡಿ ಬಂತೇನು?" ಎಂದರು.

ಬಾಯಿ ನನ್ನನ್ನು ಬಿಟ್ಟು ಅವರ ಹತ್ತಿರ ಹೋಗಿ ಎರಡೂ ಭುಜ ಮುಟ್ಟಿ ನೋಡಿದರು. "ನೀ ಇದ್ದಿ?"

"ಇದ್ದೇನ್ರಿ. ಡಿಪೋದಾಗ ಇದ್ದೆ."

"ಮತ್ತ ಸತ್ತವರು ಯಾರು?"

 ಶಹನಾಜ್ ಆಪಾ ಸೆರಗಿನಿಂದ ಮೂಗು ಒರೆಸಿಕೊಂಡು, "ಅರೇ ಅಲ್ಲಾ! ಹಾಂಗಾದ್ರ ನಾ ಇಷ್ಟೊತ್ತು ಯಾರ ಸಲುವಾಗಿ ಅಳ್ಳಿಕತ್ತಿದ್ದೆ?" ಎಂದರು.

ಆಮೇಲೆ ಒಂದೊಂದೇ ತಿಳಿಯಿತು. ಮಧ್ಯಾಹ್ನ ಭಾಲ್ಕಿಯಲ್ಲಿ ಬಾಯಿ ಲಕೋಟೆ ಬಿಚ್ಚಿದ್ದಾರೆ. ಹಾಳೆ ಹೊರಗೆ ಎಳೆದರೆ ಮೂಲೆ ಇಲ್ಲ. ಅಕ್ಷರ ನನ್ನದು. ಅಂದಮೇಲೆ ಟೀಚರ್ ಬದುಕಿದ್ದಾಳೆ, ಹೋದವರು ಅವಳ ಅತ್ತೆಯೋ ಗಂಡನೋ ಇರಬೇಕು. ಮೂಲೆ ಹರಿದ ಕಾಗದ ಮನೆಯೊಳಗೆ ಬಿಚ್ಚಿಬಿಟ್ಟೆನಲ್ಲ ಎಂದು ಅಂಗಳಕ್ಕೆ ಓಡಿದ್ದಾರೆ. ಅಲ್ಲಿ ಓದಲು ಧೈರ್ಯವಾಗಲಿಲ್ಲ. ನನಗೆ ಫೋನ್ ಮಾಡಿದ್ದಾರೆ, ಮತ್ತೆ ಮತ್ತೆ ಮಾಡಿದ್ದಾರೆ, ಎತ್ತಲಿಲ್ಲ. ಸಾವಿನ ಮನೆಯಲ್ಲಿ ಯಾರು ಫೋನ್ ಎತ್ತುತ್ತಾರೆ ಎಂದು ಗಟ್ಟಿ ಮಾಡಿಕೊಂಡು, ತಲೆ ಮೇಲೆ ನೀರು ಹಾಕಿಕೊಂಡು, ಮಂಡಿನೋವಿನ ಕಾಲಿನಲ್ಲಿ ಬಸ್ ಹತ್ತಿದ್ದಾರೆ. ಇಲ್ಲಿ ಬಾಗಿಲು ತೆಗೆದವರು ಅತ್ತೆ. ಹಾಗಾದರೆ ಹೋದದ್ದು ಮಗನೇ ಎಂದು ತಿಳಿದು ಬಾಯಿ ಅವರ ಕೊರಳಿಗೆ ಬಿದ್ದಿದ್ದಾರೆ. ನಮ್ಮ ಕಡೆ ಒಬ್ಬರು ಕೊರಳಿಗೆ ಬಿದ್ದು ಅತ್ತರೆ ಯಾರು ಹೋದರೆಂದು ಕೇಳುವುದು ಆಮೇಲೆ. ಮೊದಲು ಜೊತೆಗೆ ಅಳಬೇಕು. ಬಾಯಿಯ ತಮ್ಮ ಹೋಗಿರಬೇಕೆಂದು ಅತ್ತೆ ಮನಸಾರೆ ಅತ್ತಿದ್ದಾರೆ.

ಬಾಯಿ ಚೀಲದಿಂದ ಕಾಗದ ತೆಗೆದು ಎಲ್ಲರ ಮುಂದೆ ಹಿಡಿದರು. ಒಂದು ಮೂಲೆ ಚೊಕ್ಕವಾಗಿ ಮಾಯವಾಗಿತ್ತು. ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

"ಇಕೀದೇ ಕೆಲಸ," ಎಂದರು ಅತ್ತೆ. "ನಮ್ಮ ರೇಷನ್ ಕಾರ್ಡಿಗೂ ಮೂಲಿ ಇಲ್ಲ."

ಬಾಯಿ ಸಿಟ್ಟಾಗುತ್ತಾರೆ ಎಂದುಕೊಂಡೆ. ಸಿಟ್ಟಾದರು. ಅಷ್ಟು ವರ್ಷ ಮಕ್ಕಳನ್ನು ಬೈದ ಗಂಟಲು ಅದು. "ಟೀಚರ್ ಅಂತ ಟೀಚರ್! ಅಕ್ಕಲ್ ಎಲ್ಲಿ ಇಟ್ಟಿದಿ? ಬಸ್ಸಿನಾಗೇ ನನ್ನ ಜೀವ ಹೋಗ್ತಿತ್ತು" ಎಂದು ಬೈದು, ಮತ್ತೆ ಸ್ವಲ್ಪ ಅತ್ತು, ಕಾಗದ ನನ್ನ ಕೈಗೆ ಕೊಟ್ಟರು. "ಹೊರಗ ನಿಂತು ಓದು. ಮೂಲಿ ಹರದದ, ಒಳಗ ಬ್ಯಾಡ."

ಹೀಗೆ, ಒಬ್ಬರೇ ಗುಟ್ಟಾಗಿ ಓದಬೇಕಾಗಿದ್ದ ಕಾಗದವನ್ನು ನಾನು ಅಂಗಳದಲ್ಲಿ ನಿಂತು ಇಡೀ ಓಣಿಗೆ ಓದಿ ಹೇಳಬೇಕಾಯಿತು.  ಅಜ್ಜಿಯ ಸಾಲನ್ನು ಬಾವಿಯ ಕಡೆ ಮುಖ ಮಾಡಿ ಓದಿದೆ. ಮೊತ್ತ ಓದಿದಾಗ ಶಹನಾಜ್ ಆಪಾ, "ಕಮ್ಮಿ ಆಯ್ತಲ್ರಿ" ಎಂದು ನ್ಯಾಯ ಹೇಳಿದರು. ನಮ್ಮವರು ಅವರನ್ನು ಕಣ್ಣರಳಿಸಿ ನೋಡಿದರು. ಓದಿ ಮುಗಿಸಿ ನಾನು ತಲೆ ತಗ್ಗಿಸಿ ನಿಂತೆ.

 ಬಾಯಿ, "ಬಾವಿ ವಿಷಯ ಅಷ್ಟೇ ಕೇಳಿದ್ನೇನು ನಾ? ನನಗ ನೆನಪೇ ಇಲ್ಲವ್ವ" ಎಂದರು. "ಆಗ ನೀರು ವಾಸನಿ ಬರ್ತಿತ್ತು. ಅದೇ ಚಿಂತಿ ಇತ್ತು ತಲ್ಯಾಗ. ಮತ್ತೇನ್ ಕೇಳಬೇಕಾಗಿತ್ತು?"

ಅಷ್ಟು ವರ್ಷ ನಾನು ಎದೆಯಲ್ಲಿಟ್ಟುಕೊಂಡ ಮಾತು ಅವರಿಗೆ ನೆನಪೇ ಇರಲಿಲ್ಲ! ಒಂದು ಗಳಿಗೆ ಪೆಚ್ಚಾದೆ. ಆಮೇಲೆ ಅದೇ ಹೆಚ್ಚು ಚೆನ್ನಾಗಿದೆ ಅನ್ನಿಸಿತು. ನಮ್ಮ ಮೇಲೆ ಉಪಕಾರ ಮಾಡಲೆಂದು ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ಅತ್ತೆ ಚಹಾ ಇಟ್ಟರು. ಬಾಯಿ ಬಾವಿಯ ಕಟ್ಟೆಯ ಮೇಲೆ ಕೂತು ಬಸಿ ತಟ್ಟೆಗೆ ಸುರಿದುಕೊಂಡು ಕುಡಿದರು. ನಮ್ಮವರು ಮೆಲ್ಲಗೆ, ಬೇರೆ ಕಡೆ ಮುಖ ಮಾಡಿ, "ಮತ್ತ ಆ ವಿಷಯ..." ಎಂದು ಶುರು ಮಾಡಿದರು.

"ತಡಿಯೋ," ಎಂದರು ಬಾಯಿ. "ಬಸ್ಸಿನಾಗ ಒಂದು ಆಯ್ತು, ಹೇಳ್ತೇನಿ ಕೇಳು. ನಾ ಅಳದು ನೋಡಿ ಕಂಡಕ್ಟರ್ ಕೇಳಿದ, ಎಲ್ಲಿಗಿ ಹೊಂಟೀರಿ ಬಾಯಿ ಅಂತ. ಬೀದರದಾಗ ಟೀಚರ್ ಮನ್ಯಾಗ ಸಾವಾಗ್ಯದಪ್ಪ ಅಂದೆ. ಬಾಜೂಕ ಕುಂತಾಕಿ ಕೇಳಿದಳು, ಆಕೀಗೂ ಅದೇ ಅಂದೆ. ಆಟೋದವನಿಗೂ ಟೀಚರ್ ಮನಿಗಿ ನಡಿ ಅಂದೆ. ನನ್ನ ಗಂಡ ನಿಂತು ಕಟ್ಟಿಸಿದ ಮನಿ ಇದು. ನನ್ನ ಮನಿ ಅಂತ ಒಮ್ಮಿ ಆದ್ರೂ ಬಾಯಾಗ ಬರಬೇಕಾಗಿತ್ತಲ್ಲ? ಬರಲಿಲ್ಲ. ಇನ್ನ ಆ ಸೇಠನಿಗಿ ಏನಂತ ಮಾರಲಿ? ಅವನ ಮನ್ಯಾಗ ಯಾರರ ಹೋದ್ರ ನಾ ಈ ಮಂಡಿ ತಗೊಂಡು ಬಸ್ ಹತ್ತತಿದ್ದೆನೇನು?"

ನಮ್ಮವರು ಪಲ್ಲೆಯ ಚೀಲ ಎತ್ತಿಕೊಂಡು ಅಡುಗೆಮನೆಗೆ ನಡೆದರು.

"ಖರೆ, ರೇಟ್ ಮಾತ್ರ ನಮ್ಮ ತಮ್ಮನ ಜೋಡಿ ಕುಂತು ಮಾತಾಡ್ರಿ," ಎಂದು ಬಾಯಿ ಅವರ ಬೆನ್ನಿಗೆ ಕೂಗಿ ಹೇಳಿದರು. "ಅವ ಎಳೀತಾನ, ನೀವೂ ಎಳೀರಿ. ಆಪಾ ಹೇಳಿದ್ದು ಬರಾಬ್ಬರ ಅದ, ಕಮ್ಮಿನೇ ಆಗ್ಯದ."

ತಮ್ಮ ಎಳೆದರು. ನಾವೂ ಎಳೆದೆವು. ಅವರ ಮನೆಗೆ ಎಷ್ಟು ಸಲ ಹೋಗಿ ಎಷ್ಟು ಚಹಾ ಕುಡಿದೆವೋ, ಎಷ್ಟು ಸಲ ಚಪ್ಪಲಿ ಹಾಕಿಕೊಂಡೆವೋ! ನಡುವೆ ಎಲ್ಲೋ ಒಂದು ಕಡೆ ಎರಡೂ ಮಾತು ಕೂಡಿದವು. ಬ್ಯಾಂಕಿನವರು ಕಾಗದದ ಮೇಲೆ ಕಾಗದ ಕೇಳಿದರು. ಅಷ್ಟೂ ಕಾಗದ ನಮ್ಮವರೇ ಹಿಡಿದುಕೊಂಡರು, ನನ್ನ ಕೈಗೆ ಒಂದನ್ನೂ ಕೊಡಲಿಲ್ಲ. ನೋಂದಣಿ ಕಚೇರಿಯಲ್ಲಿ ನಾನು ಸಹಿ ಮಾಡುವಾಗ ಅತ್ತೆ ಪಕ್ಕದಲ್ಲಿ ನಿಂತು ನನ್ನ ಎಡಗೈ ಹಿಡಿದುಕೊಂಡಿದ್ದರು. ಹೊರಗೆ ಬಂದು ಎಲ್ಲರೂ ಕಬ್ಬಿನ ಹಾಲು ಕುಡಿದೆವು. ಖುಷಿಯೆಂದರೆ ಇಷ್ಟೇ ಏನೋ ಎಂದುಕೊಂಡು ಮನೆಗೆ ಬಂದು ಎಂದಿನಂತೆ ಅನ್ನಕ್ಕಿಟ್ಟೆ.

ಮಾಲಕಿಯಾಗಿದ್ದಷ್ಟು ಕಾಲ ಬಾಯಿ ಬೀದರಿಗೆ ಬಂದರೆಂದರೆ ಗೇಟು ತಳ್ಳಿದ ಸದ್ದು, ಚಪ್ಪಲಿ ಬಿಟ್ಟ ಸದ್ದು, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆರೆದ ಸದ್ದು. "ಏನ್ ಮಾಡಿದಿ ಟೀಚರ್, ಇವತ್ತ?" ಎಂದು ಅವರೇ ಬಡಿಸಿಕೊಳ್ಳುತ್ತಿದ್ದರು. ಮನೆ ಅವರದು, ನನಗೇನೂ ಅನ್ನಿಸುತ್ತಿರಲಿಲ್ಲ. ರಿಜಿಸ್ಟರ್ ಆಗಿ ಕೆಲವು ತಿಂಗಳು ಅವರು ಬರಲೇ ಇಲ್ಲ.

ಮೊನ್ನೆ ಭಾನುವಾರ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಗೇಟಿನ ಚಿಲಕ ಯಾರೋ ಮೆಲ್ಲಗೆ ಟಕಟಕ ಎನ್ನಿಸಿದರು. ಕಿಟಕಿಯಿಂದ ನೋಡಿದರೆ ಬಾಯಿ. ಬಿಸಿಲಿಗೆ ಸೆರಗು ತಲೆಗೆ ಹೊದ್ದು, ಕೈಯಲ್ಲಿ ಚೀಲ ಹಿಡಿದು, ರಸ್ತೆಯಲ್ಲಿ ನಿಂತಿದ್ದಾರೆ. ಗೇಟಿಗೆ ಬೀಗವಿರಲಿಲ್ಲ. ತಳ್ಳಿದರೆ ತೆರೆಯುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ತಳ್ಳಲಿಲ್ಲ. ನಾನು ಬಾಗಿಲಿಗೆ ಬಂದದ್ದು ಕಂಡು, "ಟೀಚರ್, ಒಳಗ ಬರಲೇನ್ರಿ?" ಎಂದರು.

"ಕೇಳೂದ್ಯಾಕ್ರಿ ಬಾಯಿ, ಬರ್ರಿ!"

"ಇಲ್ಲ ತಾಯಿ, ಕೇಳಬೇಕು," ಎಂದರು. "ಇನ್ನ ಮ್ಯಾಲ ನಾ ಕೇಳಬೇಕು."

ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಗೇಟು ತೆರೆದೆ. ನೋಂದಣಿ ಕಚೇರಿಯಲ್ಲಿ ಬಾರದ ಅಳು ಆಗ ಬಂತು. ಅವರ ಕೈಯಿಂದ ಚೀಲ ತೆಗೆದುಕೊಂಡು ನನ್ನ ಮನೆಯೊಳಕ್ಕೆ ಕರೆದುಕೊಂಡು ಬಂದೆ.